ದಿಂಬಂ ಘಾಟ್: ನಿಯಮ ಇದೆ, ಲೆಕ್ಕ ಎಲ್ಲಿ?

ತಾಳವಾಡಿ ಬೆಟ್ಟದ ಮೇಲಿನವರಿಗೆ ಗಡಿಯಾರದಲ್ಲಿ ಎರಡು ಗಂಟೆಗಳು ಮುಖ್ಯ. ಒಂದು ಸಂಜೆ ಆರು, ಇನ್ನೊಂದು ರಾತ್ರಿ ಒಂಬತ್ತು. ಆರಕ್ಕೆ ಸರಕು ಲಾರಿಗಳಿಗೆ ದಿಂಬಂ ಘಾಟ್ ಮುಚ್ಚುತ್ತದೆ. ಒಂಬತ್ತಕ್ಕೆ ಕಾರು, ವ್ಯಾನ್‌ಗಳ ಸರದಿ. ಎರಡಕ್ಕೂ ಬಾಗಿಲು ತೆರೆಯುವುದು ಮಾರನೆಯ ಬೆಳಿಗ್ಗೆ ಆರಕ್ಕೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಈ ನಿಯಮವನ್ನು ಜಾರಿಗೆ ತರಲು ಆದೇಶಿಸಿದಾಗ ಎದ್ದ ಗದ್ದಲ ಈಗ ತಣ್ಣಗಾಗಿದೆ. ಗದ್ದಲ ತಣ್ಣಗಾದ ಮೇಲೆಯೇ ನಿಜವಾದ ಪ್ರಶ್ನೆ ಕೇಳಲು ಅನುಕೂಲ. ಈ ನಿಯಮದಿಂದ ಎಷ್ಟು ಪ್ರಾಣಿ ಉಳಿಯಿತು? ಎಷ್ಟು ಅಪಘಾತ ತಪ್ಪಿತು? ರೈತನ ಮಾಲಿಗೆ ಎಷ್ಟು ನಷ್ಟ ಬಂತು? ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರು?

ಸತ್ಯಮಂಗಲದಿಂದ ಬಣ್ಣಾರಿಗೆ ಬಂದು, ಅಲ್ಲಿಂದ ಬೆಟ್ಟ ಹತ್ತಿ ದಿಂಬಂ, ಆಸನೂರು ದಾಟಿ, ಕಾರಪಳ್ಳಂ ಚೆಕ್‌ಪೋಸ್ಟ್ ಮೂಲಕ ಕರ್ನಾಟಕದ ಪುಣಜನೂರು ಸೇರಿ, ಚಾಮರಾಜನಗರಕ್ಕೆ ಇಳಿಯುವ ದಾರಿ ಇದು. ಹಿಂದೆ ರಾಷ್ಟ್ರೀಯ ಹೆದ್ದಾರಿ 209 ಎನ್ನುತ್ತಿದ್ದರು, ಈಗ 948. ಕೊಯಮತ್ತೂರಿಗೂ ಬೆಂಗಳೂರಿಗೂ ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಮೇಲೆ ಇದು ನೇರ ದಾರಿ. ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವುಗಳಿವೆ. ತಿರುವಿಗೊಂದು ನಂಬರ್ ಬೋರ್ಡು. ಲಾರಿ ಡ್ರೈವರುಗಳು ಊರಿನ ಹೆಸರಿಗಿಂತ ಈ ನಂಬರುಗಳಲ್ಲೇ ಮಾತಾಡುತ್ತಾರೆ.

ಇದು ಹೊಸದಾಗಿ ಹುಟ್ಟಿದ ಸಂಪರ್ಕವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದರೆ ಘಟ್ಟದ ಮೇಲೂ ಕೆಳಗೂ ಒಂದೇ ಜಿಲ್ಲೆಯ ಆಡಳಿತ. ಆಮೇಲೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಾಗದಪತ್ರ ತಮಿಳು, ಜಿಲ್ಲಾ ಕೇಂದ್ರ ಈರೋಡ್ ನೂರು ಕಿಲೋಮೀಟರಿಗೂ ದೂರ, ಹತ್ತಿರದ ಪಟ್ಟಣ ಚಾಮರಾಜನಗರ. ಹೀಗಾಗಿ ಕಚೇರಿ ಕೆಲಸಕ್ಕೆ ಬೆಟ್ಟ ಇಳಿಯಬೇಕು, ಸಂತೆ ಸಾಮಾನಿಗೆ ಗಡಿ ದಾಟಬೇಕು. ಘಾಟ್ ರಸ್ತೆಯ ನಿಯಮ ಬದಲಾದರೆ ಇಲ್ಲಿ ಬದಲಾಗುವುದು ಪ್ರಯಾಣದ ಸಮಯ ಮಾತ್ರವಲ್ಲ, ದಿನಚರಿಯೇ.

ನಿಯಮ ಬಂದ ದಾರಿ

ಸತ್ಯಮಂಗಲ ಕಾಡನ್ನು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಪಕ್ಕದಲ್ಲಿ ಬಿಳಿಗಿರಿರಂಗನಬೆಟ್ಟ, ಆಚೆಗೆ ಬಂಡೀಪುರ, ಮುದುಮಲೆ. ಆನೆ, ಹುಲಿಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಈ ಕಾಡುಗಳೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಇವೆ. ಅದರ ನಡುವೆ ಹಗಲೂ ರಾತ್ರಿ ಲಾರಿ ಓಡುವ ಹೆದ್ದಾರಿ.

2019ರ ಜನವರಿ 7ರಂದು ಈರೋಡ್ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿರ್ಬಂಧಿಸಿ ಅಧಿಸೂಚನೆ ಹೊರಡಿಸಿದರು. ಅದು ಕಾಗದದ ಮೇಲೇ ಉಳಿಯಿತು. ಮೂರು ವರ್ಷ ಕಳೆದ ಮೇಲೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿನ ಮುಂದೆ ಬಂತು. 2012ರಿಂದ 2021ರ ನಡುವೆ ಈ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ 155 ಕಾಡುಪ್ರಾಣಿಗಳು ಸತ್ತವು ಎಂಬ ಲೆಕ್ಕ ನ್ಯಾಯಾಲಯದ ಮುಂದಿತ್ತು. ಹಂಗಾಮಿ ಮುಖ್ಯ ನ್ಯಾಯಮೂರ್ತಿ ಮುನೀಶ್ವರ್ ನಾಥ್ ಭಂಡಾರಿ ಅವರಿದ್ದ ಪೀಠವು 2022ರ ಫೆಬ್ರವರಿ 8ರಂದು ಆದೇಶ ನೀಡಿ, ಹಳೆಯ ಅಧಿಸೂಚನೆಯನ್ನು ಫೆಬ್ರವರಿ 10ರಿಂದಲೇ ಜಾರಿ ಮಾಡಬೇಕೆಂದಿತು.

ಮೂರು ವರ್ಷ ಮಲಗಿದ್ದ ನಿಯಮ ಎರಡು ದಿನದಲ್ಲಿ ಎದ್ದು ನಿಂತಿತು. ತಾಳವಾಡಿ, ಆಸನೂರು ಭಾಗದ ರೈತರು, ವ್ಯಾಪಾರಿಗಳು, ವಾಹನ ಮಾಲೀಕರು ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು. ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟ್ ಆದೇಶವನ್ನು ಪರಿಷ್ಕರಿಸಿತು. ಸ್ಥಳೀಯ ನಿವಾಸಿಗಳ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಜೊತೆಗೆ ಹೊಸದೊಂದು ಷರತ್ತು ಸೇರಿತು: 10 ಚಕ್ರಕ್ಕಿಂತ ಹೆಚ್ಚಿನ ಮತ್ತು 16.2 ಟನ್ನಿಗಿಂತ ಹೆಚ್ಚು ತೂಕದ ವಾಹನಗಳು ಹಗಲಿನಲ್ಲೂ ಈ ಘಾಟ್ ಹತ್ತುವಂತಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರಾಣಿಗಳ ಹೆಸರಿನಲ್ಲಿ ಶುರುವಾದ ಪ್ರಕರಣ ಕೊನೆಗೆ ಮೂರು ಬೇರೆಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿತು. ಕಾಡುಪ್ರಾಣಿ ರಕ್ಷಣೆಗೆ ಬೇಕಾದದ್ದು ಸಮಯದ ನಿಯಮ. ತಿರುವಿನಲ್ಲಿ ಲಾರಿ ಸಿಕ್ಕಿಕೊಳ್ಳದಿರಲು ಬೇಕಾದದ್ದು ಉದ್ದ ಮತ್ತು ತೂಕದ ನಿಯಮ. ಬೆಟ್ಟದ ಜನರ ಬದುಕಿಗೆ ಬೇಕಾದದ್ದು ವಿನಾಯಿತಿಯ ನಿಯಮ. ಮೂರಕ್ಕೂ ಔಷಧಿ ಬೇರೆ, ಪರೀಕ್ಷೆಯೂ ಬೇರೆ. ಒಂದು ಸರಿಯಾಗಿ ನಡೆದರೆ ಇನ್ನೆರಡೂ ಸರಿಯಾದವು ಎಂದು ತಿಳಿಯುವಂತಿಲ್ಲ.

ಚಕ್ರ ಕಣ್ಣಿಗೆ ಕಾಣುತ್ತದೆ, ತೂಕ ಕಾಣುವುದಿಲ್ಲ

ಚೆಕ್‌ಪೋಸ್ಟಿನಲ್ಲಿ ನಿಂತವರಿಗೆ ಚಕ್ರ ಎಣಿಸುವುದು ಸುಲಭ. ಹನ್ನೆರಡು, ಹದಿನಾಲ್ಕು ಚಕ್ರದ ಲಾರಿ ದೂರದಿಂದಲೇ ತಿಳಿಯುತ್ತದೆ. ತೂಕದ ವಿಷಯ ಹಾಗಲ್ಲ.

16.2 ಟನ್ ಎಂಬ ಅಂಕಿಯ ಹಿಂದೆ ಒಂದು ಕಥೆ ಇದೆ. ಎರಡು ಆಕ್ಸಲ್‌ನ, ಅಂದರೆ ನಮ್ಮೂರಲ್ಲಿ ಆರು ಚಕ್ರದ್ದು ಎನ್ನುವ ಲಾರಿಗೆ ವಾಹನ ಮತ್ತು ಸರಕು ಸೇರಿ ಹಿಂದೆ ಇದ್ದ ಒಟ್ಟು ತೂಕದ ಮಿತಿ ಇದೇ 16.2 ಟನ್. ಮುಂದಿನ ಆಕ್ಸಲ್‌ಗೆ 6, ಹಿಂದಿನದಕ್ಕೆ 10.2. 2018ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಕ್ಸಲ್ ತೂಕದ ಮಿತಿ ಏರಿಸಿತು. ಮುಂದಿನದು 7, ಹಿಂದಿನದು 11.5, ಒಟ್ಟು 18.5 ಟನ್. ಮೂರು ಆಕ್ಸಲ್‌ನ ಹತ್ತು ಚಕ್ರದ ಲಾರಿಗೆ 25 ಟನ್ ಇದ್ದದ್ದು 28.5 ಆಯಿತು.

ಈಗ ಘಾಟ್ ನಿಯಮದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಹತ್ತು ಚಕ್ರದ ಲಾರಿ ಖಾಲಿ ಬಂದರೆ ಚಕ್ರದ ಲೆಕ್ಕದಲ್ಲೂ ಪಾಸು, ತೂಕದ ಲೆಕ್ಕದಲ್ಲೂ ಪಾಸು. ಅದೇ ಲಾರಿ ಕಾನೂನು ಒಪ್ಪುವಷ್ಟೇ ಸರಕು ತುಂಬಿಕೊಂಡು ಬಂದರೆ ಚಕ್ರದಲ್ಲಿ ಪಾಸು, ತೂಕದಲ್ಲಿ ಫೇಲು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸರಿಯಾದ ಬಿಲ್ಲು, ಸರಿಯಾದ ತೂಕದ ಚೀಟಿ ಇಟ್ಟುಕೊಂಡು ಹೊರಟ ಡ್ರೈವರ್ ಕಾರಪಳ್ಳಂ ಬಳಿ ಬರುವಾಗ ನಿಯಮ ಮೀರಿದವನಾಗುತ್ತಾನೆ. ಅವನಿಗೆ ಇದು ತಿಳಿಯಬೇಕಾದದ್ದು ಘಟ್ಟದ ತಲೆಯಲ್ಲಲ್ಲ, ಚಾಮರಾಜನಗರಕ್ಕೂ ಹಿಂದೆ, ಬೇರೆ ದಾರಿ ಹಿಡಿಯಲು ಇನ್ನೂ ಅವಕಾಶ ಇರುವಲ್ಲಿ. ಆ ಜಾಗ ಇರುವುದು ಕರ್ನಾಟಕದಲ್ಲಿ, ನಿಯಮ ಮಾಡಿದ್ದು ತಮಿಳುನಾಡಿನಲ್ಲಿ. ಎಡವುವುದು ಇಲ್ಲೇ.

ತೂಕ ಅಳೆಯದೆ ತೂಕದ ನಿಯಮ ನಡೆಸಲು ಹೊರಟರೆ ಏನಾಗುತ್ತದೆಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಯಮದ ಜಾಗದಲ್ಲಿ ಅಂದಾಜು ಬರುತ್ತದೆ. ಅಂದಾಜಿನ ಹಿಂದೆ ಚೌಕಾಸಿ ಬರುತ್ತದೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಪ್ರಕಾರ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ. ದಂಡ ದೊಡ್ಡದಾದಷ್ಟೂ ಅಳತೆ ಖಚಿತವಾಗಿರಬೇಕು. ಅಳತೆ ಇಲ್ಲದ ದೊಡ್ಡ ದಂಡ ಯಾರ ಜೇಬಿಗೆ ಅನುಕೂಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಭಾರದ ನಿಯಮ ಬೇಡವೆಂದು ಇದರ ಅರ್ಥವಲ್ಲ. ಬೇಕೇ ಬೇಕು. ಉದ್ದದ ಲಾರಿ ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡುವಾಗ ಎರಡೂ ಕಡೆಯ ದಾರಿ ಕಟ್ಟುತ್ತದೆ. ಆಕ್ಸಲ್ ಮುರಿದರಂತೂ ಗಂಟೆಗಟ್ಟಲೆ ಬೆಟ್ಟವೇ ಬಂದ್. ಭಾರ ಹೇರಿದ ಲಾರಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಹಿಡಿತ ತಪ್ಪುತ್ತದೆ. ಲೋ ಗೇರಿನಲ್ಲಿ ಇಳಿಯಬೇಕು, ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕು ಎಂಬ ಎರಡು ಹಳೆಯ ನಿಯಮಗಳನ್ನು ಪಾಲಿಸಿದರೂ ಅರ್ಧ ತೊಂದರೆ ತಪ್ಪುತ್ತದೆ. ಆದರೆ ಭಾರವೇ ಮಿತಿ ಮೀರಿದ್ದರೆ ಡ್ರೈವರನ ಜಾಣತನ ಕೆಲಸಕ್ಕೆ ಬರುವುದಿಲ್ಲ. ಹಾಗೆ ಕಟ್ಟಿದ ದಾರಿಯಲ್ಲಿ ಸಿಕ್ಕಿಕೊಳ್ಳುವುದು ಹಳ್ಳಿ ಬಸ್ಸು, ಹೆರಿಗೆಗೆ ಹೊರಟ ಆಂಬುಲೆನ್ಸು.

ಕಬ್ಬು, ಆನೆ ಮತ್ತು ಎತ್ತರ

ಸರಕು, ಸುರಕ್ಷತೆ, ಕಾಡುಪ್ರಾಣಿ ಮೂರೂ ಹೇಗೆ ಹೆಣೆದುಕೊಂಡಿವೆ ಎನ್ನುವುದಕ್ಕೆ ಕಬ್ಬಿನ ಲಾರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೇಲಿನ ಸೀಮೆಯ ಕಬ್ಬು ಘಟ್ಟ ಇಳಿದು ಸತ್ಯಮಂಗಲ ಕಡೆಯ ಕಾರ್ಖಾನೆಗೆ ಹೋಗುತ್ತದೆ. ಮಿತಿಗಿಂತ ಎತ್ತರ ಹೇರಿದ ಲಾರಿಯಿಂದ ಕಬ್ಬು ಉದುರುತ್ತದೆ. ಎತ್ತರ ತಡೆಯಲು ಕಾರಪಳ್ಳಂ ಬಳಿ ಅಡ್ಡಗಂಬ ಹಾಕಿದಾಗ, ಅದರಡಿ ತೂರಲು ಮೇಲಿನ ಕಬ್ಬನ್ನು ಕಿತ್ತು ರಸ್ತೆ ಬದಿಗೆ ಎಸೆಯುವುದು ಶುರುವಾಯಿತು. ಆನೆಗಳು ರುಚಿ ಕಂಡವು. ಚೆಕ್‌ಪೋಸ್ಟಿನ ಆಸುಪಾಸಿನಲ್ಲೇ ಲಾರಿಗಾಗಿ ಕಾಯುವ ಆನೆಗಳ ಚಿತ್ರ ಟೀವಿಗಳಲ್ಲೂ ಮೊಬೈಲುಗಳಲ್ಲೂ ಎಷ್ಟೋ ಸಲ ಓಡಿವೆ.

ನೋಡುವವರಿಗೆ ಅದು ತಮಾಷೆ. ಆದರೆ ರಸ್ತೆಗೆ ಬಂದು ನಿಲ್ಲಲು ಕಲಿತ ಆನೆ ಬೈಕಿನವನಿಗೂ ಅಪಾಯ, ತನಗೂ ಅಪಾಯ. ಗೇಟನ್ನು ರಾತ್ರಿ ಮುಚ್ಚಿದರೂ ಹಗಲು ಉದುರಿದ ಕಬ್ಬು ಆನೆಯನ್ನು ರಸ್ತೆಗೆ ಕರೆಯುತ್ತಲೇ ಇರುತ್ತದೆ. ಹೇರುವ ಹೊಲದಲ್ಲೇ ಎತ್ತರ ಮಿತಿಯೊಳಗಿದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ. ಮೂಲದಲ್ಲಿ ತಡೆಯಬೇಕಾದದ್ದನ್ನು ಕಾಡಿನ ಬಾಗಿಲಲ್ಲಿ ತಡೆಯಲು ಹೋದರೆ ಹೀಗಾಗುತ್ತದೆ.

ರೈತನ ಮಾಲಿನ ಗಡಿಯಾರ

ತಾಳವಾಡಿ ಸೀಮೆಯಲ್ಲಿ ಕೋಸು, ಆಲೂಗಡ್ಡೆ, ಬೀಟ್‌ರೂಟ್, ಟೊಮೇಟೊ, ಬಾಳೆ, ಅರಿಸಿನ ಬೆಳೆಯುತ್ತಾರೆ. ಅರಿಸಿನ ಈರೋಡಿಗೆ ಹೋಗಬೇಕು. ಅದು ಒಂದು ದಿನ ತಡವಾದರೂ ಕೆಡುವುದಿಲ್ಲ. ಕೋಸು ಹಾಗಲ್ಲ. ಮೇಟುಪಾಳ್ಯ, ಕೊಯಮತ್ತೂರು ಮಂಡಿಗಳಲ್ಲಿ ವ್ಯಾಪಾರ ನಡೆಯುವುದು ಬೆಳಗಿನ ಜಾವದಿಂದ. ಸಂಜೆ ಕೊಯ್ದು, ರಾತ್ರಿ ಹೊರಟು, ಬೆಳಗಾಗುವಾಗ ಮಂಡಿ ಸೇರುವುದು ಹಳೆಯ ಕ್ರಮ.

ಆರು ಗಂಟೆಯೊಳಗೆ ಬಣ್ಣಾರಿ ದಾಟಬೇಕೆಂದರೆ ಮಧ್ಯಾಹ್ನದ ಹೊತ್ತಿಗೆ ಲಾರಿ ತುಂಬಿರಬೇಕು. ಅದಕ್ಕೆ ಬೆಳಿಗ್ಗೆಯೇ ಕೊಯ್ಯಬೇಕು. ಕೂಲಿಯಾಳು ಬರುವುದು ಒಂಬತ್ತಕ್ಕೆ. ಲೋಡು ಸ್ವಲ್ಪ ತಡವಾದರೆ ರಾತ್ರಿಯೆಲ್ಲ ಗೇಟಿನ ಬಳಿ, ಬೆಳಿಗ್ಗೆ ಆರಕ್ಕೆ ಹೊರಟು ಮಂಡಿ ಸೇರುವಾಗ ಒಳ್ಳೆಯ ರೇಟು ಮುಗಿದಿರುತ್ತದೆ. ಸ್ಥಳೀಯರ ವಾಹನಕ್ಕೆ ವಿನಾಯಿತಿ ಇದೆ ನಿಜ. ಆದರೆ ಸಣ್ಣ ರೈತನಿಗೆ ಸ್ವಂತ ಲಾರಿ ಎಲ್ಲಿದೆ? ಮಾಲು ಕೊಳ್ಳುವ ವ್ಯಾಪಾರಿ ಕೆಳಗಿನವನು, ಲಾರಿಯೂ ಕೆಳಗಿನದೇ. ಮಾಲು ಊರಿನದು, ಗಾಡಿ ಪರಊರಿನದು ಎಂದಾಗ ವಿನಾಯಿತಿ ಯಾವುದಕ್ಕೆ, ಬೆಳೆಗೋ ನಂಬರ್ ಪ್ಲೇಟಿಗೋ? ಇದನ್ನು ಗೇಟಿನಲ್ಲಿ ನಿಂತ ಸಿಬ್ಬಂದಿಯ ಮರ್ಜಿಗೆ ಬಿಟ್ಟರೆ ನಷ್ಟ ರೈತನದೇ. ಬಾಡಿಗೆ ಏರಿದರೂ, ಮಾಲು ಬಾಡಿದರೂ ವ್ಯಾಪಾರಿ ಅದನ್ನು ಮುರಿದುಕೊಳ್ಳುವುದು ರೈತನ ರೇಟಿನಲ್ಲಿ.

ಈ ಕಾರಣಕ್ಕೆ ಬೆಟ್ಟದ ಮೇಲಿನ ರೈತರ ಕಣ್ಣು ಚಾಮರಾಜನಗರ, ತೆರಕಣಾಂಬಿ ಮಾರುಕಟ್ಟೆಗಳ ಕಡೆಗೂ ತಿರುಗುತ್ತದೆ. ಅಲ್ಲಿಗೆ ಹೋಗಲು ದಿಂಬಂ ಇಳಿಯಬೇಕಿಲ್ಲ. ಆದರೆ ಎಲ್ಲರ ಮಾಲೂ ಒಂದೇ ಮಾರುಕಟ್ಟೆಗೆ ನುಗ್ಗಿದರೆ ಅಲ್ಲಿಯೂ ರೇಟು ಬೀಳುತ್ತದೆ. ಎರಡು ಮಂಡಿ ನೋಡಿ ಮಾರುವ ಅನುಕೂಲವೇ ಗಡಿ ರೈತನ ದೊಡ್ಡ ಬಲ. ರಸ್ತೆ ಒಂದು ಕಡೆ ಬಿಗಿಯಾದರೆ ಆ ಬಲ ಅರ್ಧಕ್ಕೆ ಇಳಿಯುತ್ತದೆ.

ಬಂಡೀಪುರದಿಂದ ಕಲಿಯುವುದೇನು?

ಇಂಥ ನಿಯಮಕ್ಕೆ ದಿಂಬಂ ಮೊದಲಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಬಂಡೀಪುರದ ಮೂಲಕ ಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧಿಸಿದರು. ಒಂದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಗೂಡಲೂರಿಗೆ. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2019ರಲ್ಲಿ ಹಗಲೂ ಮುಚ್ಚಬಹುದೆಂಬ ಸುದ್ದಿ ಹಬ್ಬಿ ವಯನಾಡಿನಲ್ಲಿ ದೊಡ್ಡ ಚಳವಳಿಯೇ ಎದ್ದಿತು.

ಬಂಡೀಪುರಕ್ಕೂ ದಿಂಬಂಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬಂಡೀಪುರದಲ್ಲಿ ನಿಷೇಧದ ಜೊತೆಗೇ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮೇಲಿನ ಬದಲಿ ರಸ್ತೆಯ ಮಾತು ಬಂತು. ದೂರ ಹೆಚ್ಚಾದರೂ ಆ ದಾರಿಯನ್ನು ಸುಧಾರಿಸುವ ಕೆಲಸ ಸರ್ಕಾರದ ಲೆಕ್ಕದಲ್ಲಿತ್ತು. ದಿಂಬಂ ಬಿಟ್ಟರೆ ಕೊಯಮತ್ತೂರು ಕಡೆಗೆ ಇರುವ ದಾರಿಗಳು ಯಾವುವು? ಬಂಡೀಪುರ, ಮುದುಮಲೆ, ಊಟಿ ಮೇಲೆ ಹೋದರೆ ಅಲ್ಲೂ ರಾತ್ರಿ ನಿಷೇಧ. ಮಲೆ ಮಹದೇಶ್ವರ ಬೆಟ್ಟ, ಪಾಲಾರ್, ಮೆಟ್ಟೂರು ಮೇಲೆ ಹೋದರೆ ಮತ್ತೆ ಕಾಡು, ಮತ್ತೆ ತಿರುವು. ಬರಗೂರು, ಅಂದಿಯೂರು ದಾರಿಯೂ ಅದೇ. ಉಳಿದದ್ದು ಬೆಂಗಳೂರು, ಹೊಸೂರು, ಸೇಲಂ ಸುತ್ತು. ದೂರದ ಕಂಟೇನರ್ ಲಾರಿಗೆ ಅದು ಸರಿಯಾದ ದಾರಿ. ಚಾಮರಾಜನಗರದಲ್ಲಿ ಸರಕು ತುಂಬಿದವನಿಗೆ ಅದು ಕೈಗೆಟುಕದ ದಾರಿ. ದಶಕಗಳಿಂದ ಮಾತಿನಲ್ಲಿರುವ ಚಾಮರಾಜನಗರ–ಸತ್ಯಮಂಗಲ ರೈಲು ಮಾರ್ಗ ಕಾಡಿನ ಕಾರಣಕ್ಕೇ ಮುಂದೆ ಸಾಗಿಲ್ಲ.

ಒಂದು ರಸ್ತೆ ಮುಚ್ಚಿದರೆ ಸರಕು ಮಾಯವಾಗುವುದಿಲ್ಲ, ಪಕ್ಕದ ರಸ್ತೆಗೆ ಸರಿಯುತ್ತದೆ. ಬರಗೂರು ಬೆಟ್ಟದಲ್ಲೂ ಕನ್ನಡ ಮಾತಾಡುವ ಹಳ್ಳಿಗಳಿವೆ, ಅಲ್ಲಿಯೂ ಆನೆ ಇದೆ, ಅಲ್ಲಿಯ ದಾರಿಯೂ ಕಿರಿದು. ದಿಂಬಂನಲ್ಲಿ ಪ್ರಾಣಿ ಸಾವು ಇಳಿದರೆ ಸಂತೋಷ. ಆದರೆ ಅದೇ ಅವಧಿಯಲ್ಲಿ ಬರಗೂರು ದಾರಿಯಲ್ಲಿ ಏನಾಯಿತು ಎಂದು ನೋಡದಿದ್ದರೆ ಲೆಕ್ಕ ಅರ್ಧ ಮಾತ್ರ.

ಯಾರು ಕೇಳಬೇಕು, ಏನು ಕೇಳಬೇಕು?

ರಸ್ತೆ ಅಪಘಾತದ ದಾಖಲೆ ಪೊಲೀಸರದು. ಪ್ರಾಣಿ ಸಾವಿನದು ಅರಣ್ಯ ಇಲಾಖೆಯದು. ಭಾರ ಮತ್ತು ಪರ್ಮಿಟ್ ಸಾರಿಗೆ ಇಲಾಖೆಯದು. ರಸ್ತೆ ಹೆದ್ದಾರಿಯವರದು. ಗಡಿ ದಾಟಿದರೆ ಇವೆಲ್ಲ ಮತ್ತೊಂದು ಸೆಟ್. ಕೈ ಹಲವು, ಕಣ್ಣು ಒಂದೂ ಇಲ್ಲ ಎನ್ನುವ ಸ್ಥಿತಿ. ಈ ಲೆಕ್ಕಗಳು ಒಂದು ಕಡೆ ಸೇರಿದರೆ ಮಾತ್ರ ನಿಯಮ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುತ್ತದೆ.

ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಮೋಟಾರು ವಾಹನ ಕಾಯಿದೆಯ 215ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿ ರಚಿಸಲು ಅವಕಾಶವಿದೆ. ಈರೋಡ್ ಮತ್ತು ಚಾಮರಾಜನಗರ ಜಿಲ್ಲೆಗಳು ವರ್ಷಕ್ಕೆರಡು ಬಾರಿ ಒಟ್ಟಿಗೆ ಕುಳಿತು ಈ ಒಂದು ರಸ್ತೆಯ ಲೆಕ್ಕ ನೋಡಬಹುದು. ಎಷ್ಟು ಭಾರಿ ವಾಹನ ತಿರುಗಿಸಲಾಯಿತು, ಎಷ್ಟು ತೂಗಲಾಯಿತು, ಎಷ್ಟು ದಂಡ ಬಿತ್ತು, ಎಷ್ಟು ಸಲ ದಾರಿ ಕಟ್ಟಿತು, ಯಾವ ತಿರುವಿನಲ್ಲಿ, ಎಷ್ಟು ಪ್ರಾಣಿ ಸತ್ತವು, ಯಾವ ಹೊತ್ತಿನಲ್ಲಿ. ಇಷ್ಟನ್ನು ತಿಂಗಳಿಗೊಮ್ಮೆ ಬಣ್ಣಾರಿ ಮತ್ತು ಕಾರಪಳ್ಳಂನಲ್ಲಿ ಬೋರ್ಡಿನ ಮೇಲೆ ಬರೆದರೆ ಸಾಕು. ಸಾವುಗಳು ಹೆಚ್ಚಾಗಿ ಸಂಜೆ ಆರರಿಂದ ಒಂಬತ್ತರೊಳಗೆ ಆಗುತ್ತಿದ್ದರೆ ಕಾರುಗಳ ಸಮಯ ಬದಲಿಸಬೇಕಾದೀತು. ಹಗಲಿನಲ್ಲಿ ಆಗುತ್ತಿದ್ದರೆ ಬೇಕಾದದ್ದು ವೇಗ ತಡೆ. ಲೆಕ್ಕವಿಲ್ಲದೆ ಎರಡನ್ನೂ ವಾದಿಸಬಹುದು, ಯಾವುದನ್ನೂ ತೀರ್ಮಾನಿಸಲಾಗದು.

ಭಾಷೆಯ ವಿಷಯವೂ ಇದೆ. ಒಂದು ತಾಲೂಕಿನ ಜನಸಂಖ್ಯೆಯಲ್ಲಿ ಶೇಕಡ 15 ಅಥವಾ ಅದಕ್ಕಿಂತ ಹೆಚ್ಚು ಮಂದಿ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬುದು ದೇಶದಲ್ಲಿ ಒಪ್ಪಿಕೊಂಡ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಒಂದು ಭಾಗ. ವಿನಾಯಿತಿ ಯಾರಿಗೆ, ಯಾವ ದಾಖಲೆ ತೋರಿಸಬೇಕು, ನಿರಾಕರಿಸಿದರೆ ಯಾರಿಗೆ ದೂರು ಕೊಡಬೇಕು ಎಂಬುದು ಕನ್ನಡದಲ್ಲೂ ಗೇಟಿನ ಮುಂದೆ ಇರಬೇಕು. ಕರ್ನಾಟಕದ ಲಾರಿ ಡ್ರೈವರನಿಗೂ ಅದು ಉಪಯೋಗ.

ಜನರ ಕೈಯಲ್ಲಿ ಎರಡು ಸಾಧನಗಳಿವೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಈ ಅಂಕಿಗಳನ್ನು ಕೇಳಬಹುದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸಬಹುದು. "ನಿಷೇಧ ತೆಗೆಯಿರಿ" ಎಂಬ ಒಂದೇ ಬೇಡಿಕೆಗಿಂತ "ಲೆಕ್ಕ ಕೊಡಿ, ತೂಕದ ಯಂತ್ರ ಇಡಿ, ನಮ್ಮ ಬೆಳೆ ಹೊತ್ತ ಬಾಡಿಗೆ ಲಾರಿಗೂ ಪಾಸು ಕೊಡಿ" ಎಂಬ ಮೂರು ಬೇಡಿಕೆಗಳಿಗೆ ನ್ಯಾಯಾಲಯದಲ್ಲೂ ಕಚೇರಿಯಲ್ಲೂ ಹೆಚ್ಚು ತೂಕ ಬರುತ್ತದೆ. ಅರ್ಜಿದಾರರು 155 ಎಂಬ ಒಂದು ಅಂಕಿ ಇಟ್ಟು ಗೆದ್ದರು ಎಂಬುದನ್ನು ಮರೆಯಬಾರದು. ಬೆಟ್ಟದ ಜನರ ಕೈಯಲ್ಲಿ ಅಂದು ಅಂಥ ಒಂದು ಅಂಕಿಯೂ ಇರಲಿಲ್ಲ, ಕಷ್ಟದ ಮಾತು ಮಾತ್ರ ಇತ್ತು.

ಕಾಡು ಉಳಿಯಬೇಕೆಂಬುದರಲ್ಲಿ ಕಾಡಿನ ನಡುವೆಯೇ ಬದುಕುವವರಿಗೆ ಭಿನ್ನಾಭಿಪ್ರಾಯವಿಲ್ಲ. ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗಲು ಈ ಬೆಟ್ಟ ಹತ್ತುವ ದೊಡ್ಡ ಲಾರಿಯನ್ನು ಸೇಲಂ ದಾರಿಗೆ ಕಳಿಸುವುದು ನ್ಯಾಯ. ಬೇರೆ ದಾರಿಯೇ ಇಲ್ಲದ ತಾಳವಾಡಿಯ ಕೋಸಿನ ಲಾರಿಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ವ್ಯತ್ಯಾಸವನ್ನು ಗೇಟಿನಲ್ಲಿ ನಿಂತ ಸಿಬ್ಬಂದಿ ದಿನದಿನ ತೀರ್ಮಾನಿಸುವುದಕ್ಕಿಂತ ಎರಡು ಜಿಲ್ಲೆಗಳ ಅಧಿಕಾರಿಗಳು ಒಮ್ಮೆ ಕುಳಿತು ಬರೆದಿಡುವುದು ಮೇಲು.